ಮನೆಯ ಹಳೆ ಜಾವಾ, ಯೆಜ್ಡಿಯನ್ನು ಮಕ್ಕಳ ಕೈಗೆ ದಾಟಿಸುವುದು ಹೇಗೆ

ಮೈಸೂರಿನ ಕಡೆ ಎಷ್ಟೋ ಮನೆಗಳ ಹಿತ್ತಲಲ್ಲಿ ಈಗಲೂ ಒಂದು ಜಾವಾನೋ ಯೆಜ್ಡಿಯೋ ಬೈಕು ಹಳೆ ಟಾರ್ಪಾಲ್ ಹೊದ್ದುಕೊಂಡು ನಿಂತಿದೆ. ತಾತ ತೆಗೆದುಕೊಂಡಿದ್ದು, ಅಪ್ಪ ಓಡಿಸಿದ್ದು, ಈಗ ಯಾರೂ ಮುಟ್ಟುವುದಿಲ್ಲ. ಗುಜರಿಯವರು ಗೇಟಿನ ಹತ್ತಿರ ಬಂದು ರೇಟು ಕೇಳಿ ಹೋಗುತ್ತಾರೆ. ದಯವಿಟ್ಟು ಕೊಡಬೇಡಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ಇದೇ ಗಾಡಿಗಳ ಮೇಲೆ ಬೆಳೆದಿದ್ದೇವೆ. ಬೈಕಿನ ಪ್ರೀತಿ ಮಕ್ಕಳಿಗೆ ತಾನಾಗೇ ಬರುತ್ತದೆ ಅಂತ ಕಾಯುತ್ತಾ ಕೂತ ಮನೆಗಳಲ್ಲಿ ಗಾಡಿ ತುಕ್ಕು ಹಿಡಿಯುವುದನ್ನೂ ನೋಡಿದ್ದೇನೆ. ಹ್ಯಾಂಡಲ್ ಕೊಡುವುದಕ್ಕೆ ಎಷ್ಟೋ ವರ್ಷ ಮುಂಚೆ ಕೆಲಸ ಕೊಡಬೇಕು. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಅದನ್ನು ಮಾಡುವುದು ಹೇಗೆ ಅನ್ನುವ ವಿವರ.

ಮೊದಲು ಗಾಡಿಯ ಕಥೆ ಹೇಳಿ. ಮಕ್ಕಳಿಗೆ ಕಥೆ ಬೇಕು, ಮತ್ತೆ ಈ ಗಾಡಿಗೆ ಒಳ್ಳೆ ಕಥೆಯೇ ಇದೆ. ಚೆಕೊಸ್ಲೊವಾಕಿಯಾದ ಜಾವಾವನ್ನು ಇಲ್ಲಿ ತಯಾರಿಸುವುದಕ್ಕೆ ರುಸ್ತುಂ ಇರಾನಿ, ಫಾರೂಕ್ ಇರಾನಿ ಸೇರಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಶುರು ಮಾಡಿದರು. ಜಯಚಾಮರಾಜ ಒಡೆಯರ್ ಕಾರ್ಖಾನೆಯ ಉದ್ಘಾಟನೆ ಮಾಡಿದರು. 1961ರಿಂದ ಮೈಸೂರಿನ ಯಾದವಗಿರಿಯಿಂದ ಗಾಡಿಗಳು ಹೊರಗೆ ಬಂದವು. 1973ರಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಿಮ್ಮದು ಯಾವ ವರ್ಷದ್ದು, ತಾತ ಅದನ್ನು ಯಾಕೆ ತಗೊಂಡರು, ಅದರಲ್ಲಿ ಯಾರು ಯಾರು ಮದುವೆ ದಿಬ್ಬಣಕ್ಕೆ ಹೋದರು, ಆಸ್ಪತ್ರೆಗೆ ಯಾರನ್ನು ಕರೆದುಕೊಂಡು ಹೋದರು ಅನ್ನುವುದನ್ನು ಗಾಡಿ ತೊಳೆಯುವಾಗ ಹೇಳಿ. ಕೂರಿಸಿಕೊಂಡು ಹೇಳಿದರೆ ಯಾವ ಮಗುವೂ ಕೇಳುವುದಿಲ್ಲ.

ತೊಳೆಯುವುದೇ ಮೊದಲ ಪಾಠ. ಆರೇಳು ವರ್ಷದ ಮಗುವಿನ ಕೈಗೆ ಒಂದು ಹಳೆ ಬನಿಯನ್ ಬಟ್ಟೆ ಕೊಟ್ಟು ಸ್ಪೋಕ್ಸ್ ಒರೆಸಲು ಹೇಳಿ. ಒಂದೊಂದೇ ಕಡ್ಡಿ ಒರೆಸುತ್ತಾ ಹೋದರೆ ಯಾವುದು ಸಡಿಲ, ಯಾವುದು ಬಾಗಿದೆ ಅಂತ ಬೆರಳಿಗೇ ತಿಳಿಯುತ್ತದೆ. ಬಾಗಿದ್ದನ್ನು ಅವರೇ ಹುಡುಕಿ ಹೇಳಿದ ದಿನ ಅವರಿಗೆ ಗಾಡಿಯ ಮೇಲೆ ಒಂದು ಹಕ್ಕು ಬರುತ್ತದೆ, ಅದನ್ನು ಗಮನಿಸಿ, ಹೊಗಳಿ. ಸೈಲೆನ್ಸರ್ ಎರಡು ಕಡೆಯೂ ಇದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಒಂದೇ ಸಿಲಿಂಡರ್ ಆದರೂ ಹೊಗೆ ಕೊಳವೆ ಎರಡು, ಎರಡೂ ಕಾಯುತ್ತವೆ. ಚಡ್ಡಿ ಹಾಕಿದ ಮಗುವನ್ನು ಓಡಿ ಬಂದ ಗಾಡಿಯ ಹತ್ತಿರ ಬಿಡಬೇಡಿ.

ಹತ್ತು ಹನ್ನೆರಡು ವರ್ಷಕ್ಕೆ ಆಯಿಲ್ ಬೆರೆಸುವ ಕೆಲಸ ಪೂರ್ತಿ ಅವರಿಗೇ ಬಿಡಬಹುದು. ಪಕ್ಕದಲ್ಲಿ ನೀವಿರಿ, ಸುತ್ತಮುತ್ತ ಬೆಂಕಿ ಇರಬಾರದು. ಟೂ-ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಹೋಗಬೇಕು, ಎಂಜಿನ್ನಿಗೆ ಬೇರೆ ದಾರಿಯಿಲ್ಲ. ಈಗಿನ ಟೂ-ಟಿ ಆಯಿಲ್ ಆದರೆ ಲೀಟರಿಗೆ 30ರಿಂದ 40 ಎಂಎಲ್ ಹಾಕುವವರೇ ಜಾಸ್ತಿ. ನಿಮ್ಮ ಗಾಡಿಯ ವಯಸ್ಸು, ಬೋರ್ (ಸಿಲಿಂಡರಿನ ಒಳ ಅಳತೆ) ನೋಡಿ ನಿಮ್ಮ ಮೆಕ್ಯಾನಿಕ್ ಹೇಳಿದಷ್ಟು ಹಾಕಿ. ನನ್ನ ಮಗಳು ಕೆಮ್ಮಿನ ಔಷಧಿಯ ಅಳತೆ ಮುಚ್ಚಳ ಹಿಡಿದುಕೊಂಡು ಕೂರುತ್ತಿದ್ದಳು.

"ಅಪ್ಪಾ, ನಾಲ್ಕು ಲೀಟರಿಗೆ ಎಷ್ಟು?"

"ನೀನೇ ಹೇಳು ಪುಟ್ಟಿ. ಒಂದಕ್ಕೆ ಮೂವತ್ತೈದು."

"ನೂರ ನಲವತ್ತು. ಜಾಸ್ತಿ ಹಾಕಿದ್ರೆ ಏನಾಗತ್ತೆ?"

"ಪ್ಲಗ್ ಕಪ್ಪಾಗತ್ತೆ, ಹೊಗೆ ಬರತ್ತೆ. ಕಮ್ಮಿ ಹಾಕಿದ್ರೆ ಪಿಸ್ಟನ್ ಹಿಡ್ಕೊಳತ್ತೆ. ಯಾವುದು ದುಬಾರಿ?"

ಹೀಗೆ ಕೇಳುತ್ತಾ ಕೇಳುತ್ತಾ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಾನಾಗೇ ಬಂದುಬಿಡುತ್ತದೆ. ಕೊನೆಗೆ ಡಬ್ಬ ಚೆನ್ನಾಗಿ ಕುಲುಕಿ ಟ್ಯಾಂಕಿಗೆ ಸುರಿಯಬೇಕು. ಬರೀ ಎಣ್ಣೆಯನ್ನು ಟ್ಯಾಂಕಿಗೆ ಹಾಕಿ ಮೇಲೆ ಪೆಟ್ರೋಲ್ ಹಾಕಿಸುವ ಅಭ್ಯಾಸ ಬಂಕಿನಲ್ಲಿ ತುಂಬಾ ಜನಕ್ಕಿದೆ. ನನಗೆ ಅದು ಇಷ್ಟವಿಲ್ಲ, ಎಣ್ಣೆ ಸರಿಯಾಗಿ ಬೆರೆಯುವುದಕ್ಕೆ ಮುಂಚೆಯೇ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ ಇಳಿಯುತ್ತದೆ.

ಇದರ ಜೊತೆಗೆ ಪ್ಲಗ್ ಬಿಚ್ಚುವುದನ್ನು ಕಲಿಸಿ. ತುದಿ ತಿಳಿ ಕಂದು ಇದ್ದರೆ ಗಾಡಿ ಆರಾಮಾಗಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಜಾಸ್ತಿ ಹೋಗುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಂಜಿನ್ ಕಾಯುತ್ತಿದೆ, ಆಗ ಓಡಿಸುವುದು ನಿಲ್ಲಿಸಿ. ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ಕೈಗೆ ಕೊಟ್ಟು ಪ್ಲಗ್ಗಿನ ಗ್ಯಾಪ್ 0.6 ಎಂಎಂ, ಕಿಡಿಗೆ ಕರೆಂಟು ಕಡಿದು ಕೊಡುವ ಪಾಯಿಂಟಿನದ್ದು 0.4 ಎಂಎಂ ಸುತ್ತಮುತ್ತ ಇರಬೇಕು ಅಂತ ತೋರಿಸಿ. ಹೊಸ ಗಾಡಿಯವರಿಗೆ ಈ ಪಾಠ ಸಿಗುವುದೇ ಇಲ್ಲ, ಅಲ್ವಾ?

ಈಗಿನ ಪೆಟ್ರೋಲಿನ ಬಗ್ಗೆ ಒಂದು ಮಾತು. ಬಂಕಿನಲ್ಲಿ ಈಗ ಸಿಗುವುದು ಶೇಕಡ 20ರಷ್ಟು ಎಥನಾಲ್ ಬೆರೆತದ್ದು. ಹಳೆ ಗಾಡಿಯ ರಬ್ಬರ್ ಪೈಪು, ವಾಷರ್‌ಗಳಿಗೆ ಅದು ಒಗ್ಗುವುದಿಲ್ಲ, ತೇವ ಬೇರೆ ಎಳೆದುಕೊಳ್ಳುತ್ತದೆ. ಪೈಪನ್ನು ಎಥನಾಲ್ ತಡೆಯುವ ಥರದ್ದಕ್ಕೆ ಬದಲಾಯಿಸಿಬಿಡಿ. ಎರಡು ಮೂರು ವಾರ ಓಡಿಸುವುದಿಲ್ಲ ಅಂದರೆ ಪೆಟ್ರೋಲ್ ಬಂದ್ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿಯುವ ತನಕ ಎಂಜಿನ್ ಓಡಿಸಿ ನಿಲ್ಲಿಸಿ. ಇದನ್ನೂ ಮಕ್ಕಳ ಕೆಲಸದ ಪಟ್ಟಿಗೆ ಸೇರಿಸಿ.

ಹಿಂದೆ ಕೂರಿಸಿಕೊಳ್ಳುವುದು

ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ನಾವೆಲ್ಲ ಹಾಗೇ ಬೆಳೆದವರು. ಆದರೆ ನಿಲ್ಲಿಸಬೇಕು. ಬ್ರೇಕ್ ಹಾಕಿದರೆ ಮಗು ನೇರ ಹ್ಯಾಂಡಲ್ಲಿಗೆ ಹೋಗಿ ಬಡಿಯುತ್ತದೆ. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಅಳತೆಗೆ ಸರಿಯಾದ ಹೆಲ್ಮೆಟ್ ಮತ್ತು ಓಡಿಸುವವರಿಗೆ ಕಟ್ಟುವ ಬೆಲ್ಟ್ ಇರಬೇಕು, ವೇಗ 40 ಕಿಲೋಮೀಟರ್ ದಾಟಬಾರದು ಅಂತ 2023ರ ಫೆಬ್ರವರಿಯಿಂದ ನಿಯಮವೇ ಇದೆ. ನಾಲ್ಕು ದಾಟಿದ ಮೇಲೆ ದೊಡ್ಡವರ ಹಾಗೆ ಐಎಸ್‌ಐ ಹೆಲ್ಮೆಟ್. ನನ್ನ ಲೆಕ್ಕದಲ್ಲಿ ಕಾಲು ಫುಟ್‌ರೆಸ್ಟಿಗೆ ಚೆನ್ನಾಗಿ ಎಟುಕಿದ ಮೇಲೇ ದೂರದ ಸವಾರಿ.

ಮೊದಲ ದೂರದ ಸವಾರಿ ಸುಲಭದ್ದಿರಲಿ. ಮೈಸೂರಿನವರಾದರೆ ಬೆಳಿಗ್ಗೆ ಬೇಗ ಹೊರಟು ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಮೇಲುಕೋಟೆಗೆ ಹೋಗಿ ಬನ್ನಿ. ಒಂದು ಕಡೆಗೆ 50 ಕಿಲೋಮೀಟರ್ ಆಸುಪಾಸು. ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಬೈಕುಗಳನ್ನು ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಿ. ದಾರಿಯಲ್ಲಿ ಕಾಲುವೆ, ಕಬ್ಬಿನ ಗದ್ದೆ, ಮೇಲುಕೋಟೆಯಲ್ಲಿ ಪುಳಿಯೋಗರೆ. ಮಗು ಹಿಂದೆ ಕೂತು ನಿದ್ದೆ ಮಾಡಿದರೆ ಬೈಯಬೇಡಿ, ಗಾಡಿ ನಿಲ್ಲಿಸಿ, ಮರದ ಕೆಳಗೆ ಕೂರಿಸಿ ನೀರು ಕೊಡಿ. ದಾರಿಯಲ್ಲಿ ಕಿರಿಕಿರಿಯಾದ ಮಗು ಮುಂದಿನ ಸಲ ಬರುವುದಿಲ್ಲ ಅನ್ನುತ್ತದೆ, ಆಮೇಲೆ ಕರೆದುಕೊಂಡು ಬರುವುದು ಬಹಳ ಕಷ್ಟ.

ಹ್ಯಾಂಡಲ್ ಕೊಡುವುದು

ಗೇರ್ ಇರುವ ಬೈಕಿನ ಲೈಸೆನ್ಸಿಗೆ 18 ತುಂಬಬೇಕು. 16ಕ್ಕೆ ಸಿಗುವುದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗಷ್ಟೇ, ಅದೂ ಮನೆಯವರ ಒಪ್ಪಿಗೆ ಇದ್ದರೆ. "ಊರ ಒಳಗೆ ತಾನೇ, ಒಂದು ರೌಂಡ್ ಹೋಗಿ ಬರಲಿ" ಅಂತ ಕೀ ಕೊಡುವ ಅಪ್ಪಂದಿರಿಗೆ ಕಾನೂನು ಈಗ ಬಹಳ ಬಿಗಿ. ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷದ ತನಕ ಡಿಎಲ್ ಇಲ್ಲ. ಪ್ರೀತಿ ದಾಟಿಸಲು ಹೋಗಿ ಏಳು ವರ್ಷ ಬಾಗಿಲು ಹಾಕಿಬಿಡುತ್ತೀರಿ.

ಅಲ್ಲಿಯ ತನಕ ಸೆಂಟರ್ ಸ್ಟ್ಯಾಂಡಿನ ಮೇಲೆ ಕಲಿಸಿ. ಜಾವಾದ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ, ಅದೂ ಎಡಗಡೆ. ಲಿವರನ್ನು ಎಂಜಿನ್ ಕಡೆಗೆ ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದು ಕೂರಿಸಿದರೆ ಗೇರ್. ಮೊದಲು ಪೆಟ್ರೋಲ್ ಆನ್, ಆಮೇಲೆ ಕಾರ್ಬೊರೇಟರ್ ಮೇಲಿನ ಪುಟ್ಟ ಗುಂಡಿಯನ್ನು ಪೆಟ್ರೋಲ್ ಜಿನುಗುವ ತನಕ ಒತ್ತುವುದು, ಕೀ ಹಾಕದೆ ಮೆಲ್ಲಗೆ ಒಂದೆರಡು ಕಿಕ್, ಆಮೇಲೆ ಕೀ ಹಾಕಿ ಒಂದೇ ಪೂರ್ತಿ ಒದೆತ. ಈ ಕ್ರಮ ಕಾಲಿಗೆ ಅಭ್ಯಾಸ ಆಗಲಿ. ಹುಡುಗಿಯರಿಗೆ ಕಿಕ್ ಮಾಡುವ ಬಲ ಇರುವುದಿಲ್ಲ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಬಲಕ್ಕಿಂತ ಪಿಸ್ಟನ್ ಮೇಲೆ ಬಂದ ಜಾಗ ಕಾಲಿಗೆ ತಿಳಿಯುವುದು ಮುಖ್ಯ, ನನ್ನ ಮಗಳು ಅಣ್ಣನಿಗಿಂತ ಬೇಗ ಅದನ್ನು ಹಿಡಿದಳು. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ಚೂ ತಾನೇ ಬಿಡುತ್ತದೆ, ಕೈಯಲ್ಲಿ ಹಿಡಿಯದೇ ಗೇರ್ ಹಾಕಬಹುದು. ಅದನ್ನು ತೋರಿಸಿ, ಆದರೆ ಕಲಿಯುವಾಗ ಕೈ ಕ್ಲಚ್ಚಿನಲ್ಲೇ ಕಲಿಸಿ, ನಾಳೆ ಬೇರೆ ಗಾಡಿ ಹತ್ತಬೇಕಲ್ಲ.

ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಬಂದ ಮೇಲೆ ಬೆಳಗಿನ ಖಾಲಿ ರಸ್ತೆ. ಡ್ರಮ್ ಬ್ರೇಕು ಅನ್ನುವುದನ್ನು ದಿನಾ ನೆನಪಿಸಿ. ಈಗಿನ ಡಿಸ್ಕ್ ಗಾಡಿ ನಿಲ್ಲುವಷ್ಟು ದೂರದಲ್ಲಿ ಇದು ನಿಲ್ಲುವುದಿಲ್ಲ, ಮಳೆಯಲ್ಲಂತೂ ಇನ್ನೂ ಮುಂಚೆ ಬ್ರೇಕ್ ಹಿಡಿಯಬೇಕು. ಘಾಟಿ ಇಳಿಯುವುದನ್ನು ನೀವೇ ಜೊತೆಗಿದ್ದು ಕಲಿಸಬೇಕು. ಚಾರ್ಮಾಡಿಯೋ ಆಗುಂಬೆಯೋ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನ ಮೇಲೆ ಬಹಳ ಹೊತ್ತು ಇಳಿದರೆ ಪೆಟ್ರೋಲ್ ಹೋಗುವುದಿಲ್ಲ, ಪೆಟ್ರೋಲ್ ಹೋಗದಿದ್ದರೆ ಎಣ್ಣೆಯೂ ಇಲ್ಲ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಪಿಸ್ಟನ್ ಸೀಜ್ ಆಗುವುದು, ಅಂದರೆ ಹಿಡಿದುಕೊಳ್ಳುವುದು, ಹೀಗೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಬೇಕು. ಫೋರ್-ಸ್ಟ್ರೋಕ್ ಓಡಿಸಿದವರಿಗೆ ಇದು ಹೊಳೆಯುವುದೇ ಇಲ್ಲ.

ಕಾಗದಪತ್ರ

ಜನ ಎಡವುವುದು ಇಲ್ಲೇ. ಅಪ್ಪ ಇರುವಾಗಲೇ ಮಗಳ ಹೆಸರಿಗೆ ಮಾಡುವುದು ಸುಲಭ: ಫಾರಂ 29, 30, ಆರ್‌ಸಿ, ಇನ್ಶೂರೆನ್ಸ್, ಎಮಿಶನ್ ಸರ್ಟಿಫಿಕೇಟ್. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಅವರು ತೀರಿಕೊಂಡ ಮೇಲಾದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರದ ಜೊತೆಗೆ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಕೇಳುತ್ತಾರೆ. ದೂರದಲ್ಲಿರುವ ಅಕ್ಕ, ತಮ್ಮ, ಚಿಕ್ಕಪ್ಪನ ಹತ್ತಿರ ಸಹಿ ಹಾಕಿಸುವಷ್ಟರಲ್ಲಿ ಗಾಡಿಯ ಆಸೆಯೇ ಹೋಗಿರುತ್ತದೆ. ಅದಕ್ಕೇ 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸುವ ಅವಕಾಶ ಕೊಟ್ಟಿದ್ದಾರೆ, ಇವತ್ತೇ ಸೇರಿಸಿ. ಇಬ್ಬರು ಮಕ್ಕಳಿಗೂ ಗಾಡಿ ಬೇಕು ಅಂದರೆ ಯಾರಿಗೆ ಅನ್ನುವುದನ್ನು ಇಬ್ಬರ ಎದುರಿಗೇ ಹೇಳಿಬಿಡಿ.

15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಶೆಡ್ಡಿನಲ್ಲಿ ನಿಂತಿದ್ದರೂ ಬಿಡಬೇಡಿ. ಆರ್‌ಸಿ ಕಳೆದುಹೋಗಿದ್ದರೆ ಪೊಲೀಸ್ ದೂರು ಕೊಟ್ಟು ಫಾರಂ 26. ತಪಾಸಣೆಗೆ ಒಯ್ಯುವ ಮುಂಚೆ ಚಾಸಿಸ್ ನಂಬರಿನ ಮೇಲಿನ ಬಣ್ಣ, ಮಣ್ಣು ತೆಗೆದು ಓದುವ ಹಾಗೆ ಮಾಡಿಕೊಳ್ಳಿ, ಎಷ್ಟೋ ಗಾಡಿಗೆ ಪದೇ ಪದೇ ಪೇಂಟ್ ಹೊಡೆಸಿ ಅಂಕಿಗಳು ಮುಚ್ಚಿಹೋಗಿರುತ್ತವೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ. ಕೇಳಲು ಚೆಂದ, ಆದರೆ ಆ ನೋಂದಣಿ ಮಾಡಿಸಿದರೆ ಪ್ರದರ್ಶನ, ರ‍್ಯಾಲಿಗಳಿಗೆ ಬಿಟ್ಟು ದಿನನಿತ್ಯ ಓಡಿಸುವ ಹಾಗಿಲ್ಲ. ಮಕ್ಕಳು ಓಡಿಸಲಿ ಅನ್ನುವುದಾದರೆ ಸಾಮಾನ್ಯ ನೋಂದಣಿಯಲ್ಲೇ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ.

ಕಾಗದದ ಜೊತೆಗೆ ಒಂದು ನೋಟ್‌ಬುಕ್ಕೂ ಕೊಡಿ. ಯಾವ ವರ್ಷ ಬೋರ್ ಮಾಡಿಸಿದ್ದು, ಈಗ ಎಷ್ಟನೇ ಸೈಜಿನ ಪಿಸ್ಟನ್ ಕೂತಿದೆ, ಆಯಿಲ್ ಸೀಲ್ ಯಾವಾಗ ಬದಲಾಯಿಸಿದ್ದು, ಯಾವ ಮೆಕ್ಯಾನಿಕ್ ಕೈಗೆ ಕೊಡಬೇಕು, ಯಾವ ಪಾರ್ಟು ಎಲ್ಲಿ ಸಿಗುತ್ತದೆ ಎಲ್ಲವನ್ನೂ ಬರೆದಿಡಿ. ಹಳೆಯ ಮೆಕ್ಯಾನಿಕ್ ಹತ್ತಿರ ಮಗನನ್ನೋ ಮಗಳನ್ನೋ ಖುದ್ದಾಗಿ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ, ಒಂದು ಭಾನುವಾರ ಅವರ ಶೆಡ್ಡಿನಲ್ಲೇ ಕೂರಿಸಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಬೆಂಗಳೂರು, ಮೈಸೂರಿನಲ್ಲಿ ಸಾಲು ಸಾಲು ಗಾಡಿ ಸೇರುತ್ತವೆ. ತನ್ನ ವಯಸ್ಸಿನವರೂ ಇದನ್ನು ಓಡಿಸುತ್ತಾರೆ ಅಂತ ಮಕ್ಕಳು ಅಲ್ಲಿ ಕಣ್ಣಾರೆ ನೋಡಲಿ. ನಮ್ಮ ಮನೆಯಲ್ಲಿ ಅದು ಹಬ್ಬದ ದಿನದ ಲೆಕ್ಕ.

ಕೀ ಕೊಟ್ಟ ಮೇಲೆ ದಿನಕ್ಕೆ ಮೂರು ಸಲ ಫೋನ್ ಮಾಡಿ ಎಲ್ಲಿದ್ದೀಯ, ಚೋಕ್ ಬಿಟ್ಟೆಯಾ ಅಂತ ಕೇಳಬೇಡಿ. ಅವರು ಸೀಟಿನ ಬಣ್ಣ ಬದಲಾಯಿಸಬಹುದು, 6 ವೋಲ್ಟ್ ಲೈಟು ಸಾಲದು ಅಂತ 12 ವೋಲ್ಟಿಗೆ ಮಾಡಿಸಬಹುದು. ಮಾಡಲಿ. ರಾತ್ರಿ ಓಡಿಸುವವರಿಗೆ ಅದು ಬೇಕೇ ಬೇಕು, ತೆಗೆದ ಹಳೆ ಪಾರ್ಟುಗಳನ್ನು ಮಾತ್ರ ಒಂದು ಡಬ್ಬದಲ್ಲಿ ಹೆಸರು ಬರೆದು ಇಡಿಸಿ. ಮಗನಿಗೆ ಈ ಗಾಡಿ ಬೇಡ, ಎನ್‌ಫೀಲ್ಡೋ ಎಲೆಕ್ಟ್ರಿಕ್ ಬೈಕೋ ಬೇಕು ಅಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಜೊತೆಗೆ ಶೋರೂಮಿಗೆ ಹೋಗಿ, ಟೆಸ್ಟ್ ರೈಡಿಗೆ ಹಿಂದೆ ಕೂತುಕೊಳ್ಳಿ, ಟೈರು ಬ್ರೇಕು ನೋಡುವುದು ಹೇಗೆ ಅಂತ ಅಲ್ಲೇ ತೋರಿಸಿ. ಜಾವಾ ಆಗ ಇನ್ನೊಂದು ಮಗುವಿಗೋ, ಅಣ್ಣನ ಮಗಳಿಗೋ ಹೋಗುತ್ತದೆ. ಯಾರು ಸ್ಪೋಕ್ಸ್ ಒರೆಸಲು ಕರೆಯದೇ ಬಂದು ಕೂರುತ್ತಾರೋ ಅವರ ಹೆಸರನ್ನೇ ನಾಮಿನಿ ಜಾಗದಲ್ಲಿ ಬರೆಸಿ.