ಮಂಕಾದ ಮಾನಿಟರನ್ನು ಗುಜರಿಗೆ ಹಾಕುವ ಮೊದಲು

ಅರಿಶಿನದ ಹಿನ್ನೆಲೆ, ಅದರ ಮೇಲೆ ಕುಂಕುಮದ ಅಕ್ಷರ. ದಾವಣಗೆರೆಯಲ್ಲಿ ಮದುವೆ ಕಾರ್ಡು ಮಾಡಿಕೊಡುವವರಿಗೆ ಈ ಎರಡು ಬಣ್ಣ ಕೈತಪ್ಪಿದರೆ ಅವತ್ತು ಊಟ ಸೇರುವುದಿಲ್ಲ. ಮಂಡಿಪೇಟೆಯ ಹತ್ತಿರದ ಸಣ್ಣ ಅಂಗಡಿಯಲ್ಲಿ ಇಪ್ಪತ್ತು ವರ್ಷ ಡಿಟಿಪಿ ಮಾಡಿದವಳು ನಾನು. ಒಂದು ಸಲ ಪರದೆಯ ಮೇಲೆ ಕುಂಕುಮ ಇಟ್ಟಿಗೆಯ ಹಾಗೆ ಕಾಣುತ್ತಿದೆಯೆಂದು ಬಣ್ಣವನ್ನು ಗಾಢ ಮಾಡುತ್ತಾ ಹೋದೆ. ಅಚ್ಚಾಗಿ ಬಂದ ಐನೂರು ಕಾರ್ಡೂ ಕಪ್ಪುಗೆಂಪು. ಹೆಣ್ಣಿನ ತಂದೆ ಕಾರ್ಡು ಕೈಯಲ್ಲಿ ಹಿಡಿದು ಏನೂ ಮಾತಾಡದೆ ನಿಂತದ್ದು ಇವತ್ತಿಗೂ ನೆನಪಿದೆ. ಮಾನಿಟರಿನ ಬೆಳಕು ತಿಂಗಳುಗಟ್ಟಲೆಯಿಂದ ಇಷ್ಟಿಷ್ಟೇ ಇಳಿದಿತ್ತು. ದಿನಾ ನೋಡುವ ಕಣ್ಣಿಗೆ ಅದು ಗೊತ್ತಾಗಲೇ ಇಲ್ಲ.

ಅಲ್ಲಿಂದೀಚೆಗೆ ಯಾರೇ ಬಂದು ಮಾನಿಟರ್ ಹಳದಿಯಾಗಿದೆ, ಮಂಕಾಗಿದೆ ಎಂದರೂ ನಾನು ಮೊದಲು ಹೇಳುವುದು ಒಂದೇ: ಅದರ ಚೌಕಟ್ಟಿನಲ್ಲಿರುವ ಮೆನು ಬಟನ್ ಒತ್ತಿ ನೋಡಿ. ಆ ಮೆನುವನ್ನು ಬರೆಯುವುದು ಮಾನಿಟರೇ, ಕಂಪ್ಯೂಟರ್ ಅಲ್ಲ. ಸುತ್ತಲೂ ಹಳದಿಯಿದ್ದು ಮೆನುವಿನ ಬಿಳಿ ಅಕ್ಷರ ಮಾತ್ರ ಬಿಳಿಯಾಗಿಯೇ ಇದ್ದರೆ ರೋಗ ಕಂಪ್ಯೂಟರಿನಲ್ಲೋ ಕೇಬಲ್ಲಿನಲ್ಲೋ ಇದೆ. ಮೆನುವೂ ಹಳದಿಯಾದರೆ ಮಾನಿಟರಿನದೇ. ಈ ಅರ್ಧ ನಿಮಿಷದ ಕೆಲಸ ಬಿಟ್ಟು ಸ್ಕ್ರೂಡ್ರೈವರ್ ಹುಡುಕಬೇಡಿ.

ಕಂಪ್ಯೂಟರಿನ ಕಡೆಯದಾದರೆ ಮೊದಲು ನೈಟ್ ಲೈಟ್, ಅಂದರೆ ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್, ಆನ್ ಆಗಿದೆಯೇ ನೋಡಿ. ಮಕ್ಕಳು ಯಾವಾಗಲೋ ಒತ್ತಿ ಮರೆತಿರುತ್ತಾರೆ. ಯಾವ ಬಣ್ಣ ಹೇಗೆ ಕಾಣಬೇಕೆಂದು ಕಂಪ್ಯೂಟರಿಗೆ ಹೇಳುವ ಕಲರ್ ಪ್ರೊಫೈಲ್ ಬದಲಾಗಿದ್ದರೂ ಬಿಳಿ ಹಳದಿಗೆ ತಿರುಗುತ್ತದೆ. ಅದೂ ಅಲ್ಲವೆಂದರೆ, ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರ ತರುವ ಹಳೆ ಮಾದರಿಯ ವಿಜಿಎ ಕೇಬಲ್ ಇದ್ದರೆ ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಮೂರು ಸಾಲು, ಸಾಲಿಗೆ ಐದರಂತೆ ಹದಿನೈದು ಪಿನ್ನಿನ ಜಾಗ. ಮೊದಲ ಸಾಲಿನ ಮೊದಲ ಮೂರು ಪಿನ್ನು ಕ್ರಮವಾಗಿ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ತರುತ್ತವೆ. ಒಂದು ಬಾಗಿದರೂ ಆ ಬಣ್ಣ ಬರುವುದಿಲ್ಲ. ನೀಲಿ ಹೋದರೆ ಬಿಳಿ ಜಾಗವೆಲ್ಲ ಅರಿಶಿನ ಬಳಿದಂತೆ, ಹಸಿರು ಹೋದರೆ ರಾಣಿ ಬಣ್ಣದ ಸೀರೆಯಂತೆ, ಕೆಂಪು ಹೋದರೆ ಹಸಿರು ಬೆರೆತ ತಿಳಿನೀಲಿ. ಬಾಗಿದ ಪಿನ್ನನ್ನು ಸಣ್ಣ ಚಿಮಟದಿಂದ ಒಂದೇ ಸಲಕ್ಕೆ ನೆಟ್ಟಗೆ ಮಾಡಬೇಕು. ಹಿಂದೆ ಮುಂದೆ ಆಡಿಸಿದರೆ ಮುರಿಯುತ್ತದೆ. ನಡುವಿನ ಸಾಲಿನಲ್ಲಿ ಒಂದು ಪಿನ್ನು ಇಲ್ಲದಿದ್ದರೆ ಗಾಬರಿಯಾಗಬೇಡಿ, ಎಷ್ಟೋ ಕೇಬಲ್ಲುಗಳು ಬರುವುದೇ ಹಾಗೆ. ನನ್ನ ಪರಿಚಯದವರೊಬ್ಬರಿಗೆ ರಿಪೇರಿಯವನು ‘ಪಿಕ್ಚರ್ ಟ್ಯೂಬ್ ಹೋಗಿದೆ, ಹೊಸದು ತಗೊಳ್ಳಿ’ ಎಂದಿದ್ದ. ಕೇಬಲ್ ಬದಲಿಸಿದ ಮೇಲೆ ಅದೇ ಮಾನಿಟರ್ ಇನ್ನೂ ನಾಲ್ಕು ವರ್ಷ ಕೆಲಸ ಮಾಡಿತು.

ಪಿಕ್ಚರ್ ಟ್ಯೂಬಿನ ಹಳೆಯ ದಪ್ಪ ಮಾನಿಟರ್ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ಮೂಲೆಯಲ್ಲಿ ಮಾತ್ರ ಹಸಿರು, ನೇರಳೆ ಕಲೆ ಕಂಡರೆ ಪಕ್ಕದಲ್ಲಿರುವ ಸ್ಪೀಕರನ್ನು ದೂರ ಸರಿಸಿ. ಒಳಗಿನ ಲೋಹದ ಜಾಲರಿಗೆ ಅದರ ಅಯಸ್ಕಾಂತ ಹತ್ತಿರುತ್ತದೆ. ಆನ್ ಮಾಡಿದಾಗ ‘ಧುಂ’ ಎಂಬ ಸದ್ದಿನೊಂದಿಗೆ ಅದನ್ನು ಬಿಡಿಸುವ ಸುರುಳಿ ಮಾನಿಟರಿನಲ್ಲೇ ಇದೆ. ಅರ್ಧ ಗಂಟೆ ಆರಲು ಬಿಟ್ಟು ಮತ್ತೆ ಆನ್ ಮಾಡುತ್ತಾ ಹೋದರೆ ಕಲೆ ಸಾಮಾನ್ಯವಾಗಿ ಹೋಗುತ್ತದೆ. ಪರದೆ ಪೂರ್ತಿ ಮಂಕಾಗಿದ್ದರೆ ಮಾತ್ರ ಟ್ಯೂಬ್ ಸವೆದಿದೆ ಎಂದೇ ತಿಳಿಯಿರಿ. ಅದರ ಹಿಂಬದಿ ಬಿಚ್ಚಲೇಬೇಡಿ. ಒಳಗೆ ಸುಮಾರು 25,000 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಉಳಿದಿರುತ್ತದೆ. ಇದನ್ನು ಅಕ್ಕನಾಗಿ ಕೈಮುಗಿದು ಹೇಳುತ್ತಿದ್ದೇನೆ.

ಈಗ ಮನೆಗಳಲ್ಲಿ ಹೆಚ್ಚಾಗಿ ಉಳಿದಿರುವ ತೆಳುವಾದ ಎಲ್‌ಸಿಡಿಯ ವಿಷಯ. ಬಿಚ್ಚುವ ಮೊದಲು ಒರೆಸಿ. ಮಂಡಕ್ಕಿ ಭಟ್ಟಿಗಳ ಹೊಗೆ, ರಸ್ತೆಯ ಧೂಳು, ಅಡುಗೆಮನೆಯ ಒಗ್ಗರಣೆ ಎಲ್ಲ ಸೇರಿ ಪರದೆಯ ಮೇಲೆ ಜಿಡ್ಡು ಪದರ ಕಟ್ಟುತ್ತದೆ. ತೊಳೆದು ತೊಳೆದು ಮೆತ್ತಗಾದ ಹಳೆ ಪಂಚೆಯ ತುಂಡಿಗೆ ಡಿಸ್ಟಿಲ್ಡ್ ವಾಟರ್ ಹನಿಸಿ, ಹಿಂಡಿ, ಮೆಲ್ಲಗೆ ಒರೆಸಿ. ನೀರನ್ನು ನೇರ ಪರದೆಗೆ ಸಿಂಪಡಿಸಬಾರದು, ಅಂಚಿನಿಂದ ಒಳಗಿಳಿಯುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೇಡವೇ ಬೇಡ, ಮೇಲ್ಪದರ ಹಾಳಾಗುತ್ತದೆ. ಆಮೇಲೆ ಮೆನುವಿನಲ್ಲಿ ರೀಸೆಟ್ ಒತ್ತಿ.

ಅಷ್ಟಾದರೂ ಮಂಕು ಹೋಗದಿದ್ದರೆ ಹಿಂದಿನ ದೀಪದ ಕಡೆ ನೋಡಬೇಕು. ಎಲ್‌ಇಡಿ ಬರುವ ಮುಂಚಿನ ಎಲ್‌ಸಿಡಿಗಳಲ್ಲಿ ಬೆಳಕು ಕೊಡುವುದು ಪೆನ್ನಿನ ರೀಫಿಲ್‌ನಷ್ಟು ಸಣ್ಣ ಟ್ಯೂಬ್‌ಲೈಟ್. ಸಾಮಾನ್ಯವಾಗಿ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಇರುತ್ತದೆ. ಮನೆಯ ಟ್ಯೂಬ್‌ಲೈಟಿನ ಹಾಗೆಯೇ ಅದಕ್ಕೂ ವಯಸ್ಸಾಗುತ್ತದೆ. ಹಚ್ಚಿದ ಕೂಡಲೇ ಕೆಂಪಗೆ, ಗುಲಾಬಿಯಾಗಿ ಕಂಡು, ಹತ್ತು ನಿಮಿಷದ ಮೇಲೂ ಹಳದಿಯಾಗಿಯೇ ಉಳಿದರೆ ದೀಪ ಸವೆದಿದೆ. ಪರದೆ ಪೂರ್ತಿ ಕಪ್ಪಾಗಿದ್ದರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಐಕಾನುಗಳು ಮಸುಕಾಗಿ ಕಂಡರೆ ಪರದೆ ಜೀವಂತವಾಗಿದೆ, ಸತ್ತಿರುವುದು ದೀಪ ಅಥವಾ ಅದಕ್ಕೆ ಕರೆಂಟು ಕೊಡುವ, ಮಾನಿಟರಿನೊಳಗಿನ ಇನ್ವರ್ಟರ್ ಎಂಬ ಭಾಗ. ಎರಡು ಸೆಕೆಂಡು ಬೆಳಗಿ ಆರಿಹೋಗುವುದೂ ಇದೇ ಜಾತಿಯ ರೋಗ.

ಹೀಗಾದಾಗ ಎಷ್ಟೋ ಸಲ ತಪ್ಪು ಪವರ್ ಬೋರ್ಡಿನ ಕೆಪಾಸಿಟರುಗಳದು, ಅಂದರೆ ಕರೆಂಟನ್ನು ತುಂಬಿಟ್ಟುಕೊಳ್ಳುವ ಪುಟ್ಟ ಡಬ್ಬಿಗಳದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಶೀಟಿನ ಮಾಡಿನ ಕೆಳಗೆ ಕುದ್ದು ಕುದ್ದು ಅವುಗಳ ತಲೆ ಪೂರಿಯ ಹಾಗೆ ಉಬ್ಬಿರುತ್ತದೆ. ಒಳ್ಳೆಯದರ ತಲೆ ಚಪ್ಪಟೆ. ಬದಲಿಗೆ ಹಾಕುವುದು, ಹಳೆಯದರ ಮೈಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡ್ (ಅದರ ಅಳತೆ) ಇರಬೇಕು. ವೋಲ್ಟ್ ಅಷ್ಟೇ ಇರಲಿ ಅಥವಾ ಸ್ವಲ್ಪ ಹೆಚ್ಚಿರಲಿ, ಕಡಿಮೆಯಂತೂ ಬೇಡ. ಮೈಮೇಲೆ 105 ಡಿಗ್ರಿ ಎಂದು ಬರೆದಿರಬೇಕು. ಪಟ್ಟಿಯಿರುವ ಬದಿ ಮೈನಸ್. ಅದೇ ಬೋರ್ಡಿನಲ್ಲಿ ಒಂದು ದೊಡ್ಡ ಕೆಪಾಸಿಟರ್ ಇದೆ, ನಮ್ಮ 230 ವೋಲ್ಟಿನ ಲೈನಿಗೆ ಅದರಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ತೆಗೆದ ಮೇಲೂ ಕೆಲಹೊತ್ತು ಇರುತ್ತದೆ. ಆದ್ದರಿಂದ ಬೆಸುಗೆ ಹಾಕಿ ಅಭ್ಯಾಸವಿಲ್ಲದವರು ಉಬ್ಬಿದ್ದನ್ನು ಕಣ್ಣಲ್ಲಿ ಗುರುತಿಸಿ, ಟಿವಿ ರಿಪೇರಿಯವರ ಹತ್ತಿರ ಹೋಗಿ ‘ಇದನ್ನೇ ಬದಲಿಸಿ’ ಎನ್ನಿ. ಕೇಳುವವರಿಗೆ ಗೊತ್ತಿದೆ ಎಂದಾದರೆ ರಿಪೇರಿಯವರೂ ಗಮನ ಕೊಟ್ಟು ಮಾಡುತ್ತಾರೆ.

ದೀಪವೇ ಸವೆದಿದ್ದರೆ ಅದರ ಜಾಗಕ್ಕೆ ಎಲ್‌ಇಡಿ ಪಟ್ಟಿ ಕೂರಿಸುವ ಕಿಟ್ ಸಿಗುತ್ತದೆ. ಜೊತೆಗೆ ಬರುವ ಪುಟ್ಟ ಬೋರ್ಡಿಗೆ ನಾಲ್ಕು ತಂತಿ: ಪ್ಲಸ್, ಮೈನಸ್, ಆನ್-ಆಫ್, ಮತ್ತೊಂದು ಬೆಳಕು ಏರಿಸಿ ಇಳಿಸುವುದಕ್ಕೆ. ಈ ಕೆಲಸಕ್ಕೆ ಪರದೆಯ ಹಾಳೆಗಳನ್ನೆಲ್ಲ ಬಿಚ್ಚಬೇಕು, ಒಂದು ಬೆರಳಚ್ಚು ಬಿದ್ದರೂ ಕೊನೆಯವರೆಗೆ ಕಾಣುತ್ತದೆ. ಹಳೆಯ ದೀಪದೊಳಗೆ ಪಾದರಸವಿದೆ, ಒಡೆಯದಂತೆ ಪೇಪರಿನಲ್ಲಿ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ, ಕೈಯಲ್ಲಿ ಕಸ ಬೇರ್ಪಡಿಸುವ ಹೆಣ್ಣುಮಕ್ಕಳಿದ್ದಾರೆ.

ನನ್ನ ಮಾನಿಟರಿಗೆ ಎಲ್‌ಇಡಿ ಹಾಕಿಸಿದ ಮೇಲೆ ಬೆಳಕು ಚೆನ್ನಾಗಿ ಬಂತು, ಆದರೆ ನೀಲಿಗೆ ತಿರುಗಿತು. ಅದನ್ನು ಸರಿಮಾಡಿದ್ದು ಹೀಗೆ. ಬೆಳಿಗ್ಗೆ ಹತ್ತರ ಹೊತ್ತಿಗೆ, ಬಿಸಿಲು ನೇರ ಬೀಳದ ಕಿಟಕಿಯ ಬೆಳಕಿನಲ್ಲಿ ಪರದೆಯ ಪಕ್ಕಕ್ಕೆ ಒಂದು ಬಿಳಿ ಕಾಗದ ಹಿಡಿದೆ. ಪರದೆಯಲ್ಲೂ ಖಾಲಿ ಬಿಳಿ ಪುಟ ತೆರೆದು, ಮೆನುವಿನಲ್ಲಿ ನೀಲಿಯನ್ನು ಎರಡೆರಡೇ ಅಂಕ ಇಳಿಸುತ್ತಾ ಬಂದೆ. ಎರಡು ಬಿಳಿಗೂ ವ್ಯತ್ಯಾಸ ಕಾಣದಾದ ಮೇಲೆ ಕೈಬಿಟ್ಟು, ಮೆನುವಿನಲ್ಲಿದ್ದ ಕೆಂಪು, ಹಸಿರು, ನೀಲಿಯ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಹಿಂದೆ ಅಂಟಿಸಿದೆ.