ಶಾಂಘೈನ ರಸ ತುಂಬಿದ ಕಡುಬನ್ನು ತಿನ್ನುವ ಕ್ರಮ
ಶಾಂಘೈನ ಹಳೆಯ ನೂಡಲ್ಸ್ ಅಂಗಡಿಗಳಲ್ಲಿ ಬಿದಿರಿನ ಬುಟ್ಟಿಯಲ್ಲಿ ಬೆಂದು ಬರುವ ಶಿಯಾವೊಲೊಂಗ್‌ಬಾವೊ ಎಂಬ ಪುಟ್ಟ ಕಡುಬನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಡಿ. ಚಾಪ್‌ಸ್ಟಿಕ್‌ನಿಂದ ಅದರ ನೆತ್ತಿಯ ನೆರಿಗೆಗಂಟನ್ನು ಹಿಡಿದು ಮೆಲ್ಲಗೆ ಎತ್ತಿ, ಚಮಚದಲ್ಲಿಟ್ಟು, ಪಕ್ಕದಲ್ಲಿ ಸಣ್ಣ ತೂತು ಬೀಳುವಷ್ಟೇ ಕಚ್ಚಿ, ಹಬೆ ಹೋದ ಮೇಲೆ ಒಳಗಿನ ರಸವನ್ನು ಹೀರಿ, ಅನಂತರ ಉಳಿದದ್ದನ್ನು ತಿನ್ನಿ. ಹಂದಿಯ ಚರ್ಮವನ್ನು ಕುದಿಸಿದ ಸಾರು ತಣಿದು ಗಟ್ಟಿಯಾದಾಗ ಅದನ್ನು ಕೊಚ್ಚಿ ಹೂರಣಕ್ಕೆ ಬೆರೆಸಿರುತ್ತಾರೆ; ಹಬೆಯಲ್ಲಿ ಅದು ಕರಗಿ, ನಾಲಿಗೆ ಸುಡುವಷ್ಟು ಬಿಸಿಯಾದ ರಸವಾಗುತ್ತದೆ. ಹೊದಿಕೆಯು ಗಂಟಿನ ಬಳಿ ಮಾತ್ರ ದಪ್ಪವಾಗಿರುವುದರಿಂದ ಅಲ್ಲಿ ಹಿಡಿದರೆ ಸುಲಭವಾಗಿ ಹರಿಯುವುದಿಲ್ಲ. ಕಡುಬು ಆರಿದ ಮೇಲೆ ಈ ಉಪಾಯ ನಡೆಯದು: ತಳ ಬುಟ್ಟಿಗೆ ಅಂಟಿಕೊಂಡು, ಎಷ್ಟೇ ನಾಜೂಕಾಗಿ ಎತ್ತಿದರೂ ಕಿತ್ತುಬಂದು ರಸವೆಲ್ಲ ಸೋರಿಹೋಗುತ್ತದೆ. ಆದ್ದರಿಂದ ನೂಡಲ್ಸ್ ಬಟ್ಟಲು ಜೊತೆಗೇ ಬಂದರೂ ಮೊದಲು ಕಡುಬನ್ನೇ ಮುಗಿಸುವುದು ಮೇಲು. ಶುಂಠಿಯ ಎಳೆಗಳಿರುವ ಕಪ್ಪು ವಿನೆಗರನ್ನು ರಸ ಹೀರಿದ ಬಳಿಕ ತೂತಿನೊಳಗೆ ಎರಡು ಹನಿ ಬಿಟ್ಟುಕೊಂಡರೆ ಮಾಂಸದ ಜಿಡ್ಡು ಬಾಯಿಗೆ ಹತ್ತುವುದಿಲ್ಲ. ನನಗಂತೂ ಅದ್ದಿ ತಿನ್ನುವುದಕ್ಕಿಂತ ಇದೇ ರುಚಿ. ಹಂದಿ ತಿನ್ನದವರು ವಿಚಾರಿಸಿಯೇ ತರಿಸಿಕೊಳ್ಳಿ. ಏಡಿಯ ಹೂರಣದ್ದೆಂದು ಪಟ್ಟಿಯಲ್ಲಿದ್ದರೂ ಸಾಮಾನ್ಯವಾಗಿ ಅದರಲ್ಲಿ ಹಂದಿಮಾಂಸವೂ ಇರುತ್ತದೆ.