ಎರಡು ಕಂಪ್ಯೂಟರ್ ಮಧ್ಯೆ ಮಿಡಿ ಹರಿಸುವುದು ಹೇಗೆ

ತುಮಕೂರಿನ ನನ್ನ ಪುಟ್ಟ ರೂಮಿನಲ್ಲಿ ಲ್ಯಾಪ್‌ಟಾಪ್ ಒಂದು, ಹಳೆ ಡೆಸ್ಕ್‌ಟಾಪ್ ಒಂದು. ರೆಕಾರ್ಡಿಂಗ್ ಎಲ್ಲ ಲ್ಯಾಪ್‌ಟಾಪಿನಲ್ಲೇ. ಆದರೆ ಸ್ಟ್ರಿಂಗ್ಸ್, ಪಿಯಾನೊ ಥರದ ಭಾರದ ಪ್ಲಗಿನ್ (ವಾದ್ಯದ ಶಬ್ದ ಕೊಡುವ ಸಾಫ್ಟ್‌ವೇರ್) ನಾಲ್ಕು ಹಾಕಿದರೆ ಅದು ಏದುಸಿರು ಬಿಡುತ್ತದೆ, ಹಾಗಾಗಿ ಅವನ್ನೆಲ್ಲ ಡೆಸ್ಕ್‌ಟಾಪಿಗೆ ಸಾಗಿಸಿ, ನುಡಿಸುವುದನ್ನು ಮಾತ್ರ ಇಲ್ಲಿಂದ ಕಳಿಸುತ್ತೇನೆ.

ಮೊದಲು ಒಂದು ವಿಷಯ. ಮಿಡಿ ಅಂದರೆ ಶಬ್ದ ಅಲ್ಲ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ, ಇಷ್ಟೇ ಅದರಲ್ಲಿ ಇರೋದು. ತಟ್ಟೆ ಇಡ್ಲಿ ತಿನ್ನೋಕೆ ಕ್ಯಾತ್ಸಂದ್ರಕ್ಕೆ ಹೋದಾಗ ಟೋಕನ್ ಅಡುಗೆಮನೆಗೆ ಹೋದರೆ ಸಾಲದು, ಇಡ್ಲಿ ಆಚೆ ಬರಬೇಕು, ಅಲ್ವಾ? ಇಲ್ಲೂ ಹಾಗೇ. ಶಬ್ದ ವಾಪಸ್ ಬರೋಕೆ ಬೇರೆ ದಾರಿ ಬೇಕು.

ನಾನು ಮಾಡಿದ ಪೆದ್ದು ಕೆಲಸ ನೀವು ಮಾಡಬೇಡಿ: ಎರಡೂ ತುದಿಯಲ್ಲಿ ಮಾಮೂಲಿ ಚಪ್ಪಟೆ (ಟೈಪ್ ಎ) ಪ್ಲಗ್ ಇರುವ ಯುಎಸ್‌ಬಿ ಕೇಬಲ್ ತಂದು ಎರಡಕ್ಕೂ ಚುಚ್ಚಿದೆ. ಎರಡೂ ಯಜಮಾನರೇ, ಮಾತು ಕೇಳುವವರು ಯಾರೂ ಇಲ್ಲ. ಮೇಲಾಗಿ ಎರಡೂ ಕಡೆಯಿಂದ ಕರೆಂಟ್ ಹರಿದು ಪೋರ್ಟ್ ಹಾಳಾಗಬಹುದು.

ಎರಡರಲ್ಲೂ ಮಿಡಿ ಇಂಟರ್‌ಫೇಸ್ (ಮಿಡಿ ಕೇಬಲ್ ಚುಚ್ಚುವ ಪುಟ್ಟ ಪೆಟ್ಟಿಗೆ) ಇದ್ದರೆ ಸುಲಭ. ಐದು ಪಿನ್ನಿನ ಕೇಬಲ್‌ನಲ್ಲಿ ಇದರ ಔಟ್ ಅನ್ನು ಅದರ ಇನ್‌ಗೆ ಹಾಕಿ. 1983ರ ಕಾಲದ ವ್ಯವಸ್ಥೆ, ವೇಗ ಸೆಕೆಂಡಿಗೆ 31,250 ಬಿಟ್, ಒಂದು ಕೇಬಲ್‌ಗೆ 16 ಚಾನೆಲ್. ಇವತ್ತಿಗೂ ಕೈಕೊಡೋದು ಕಡಿಮೆ.

ಇಂಟರ್‌ಫೇಸ್ ಇಲ್ಲವೇ? ಲ್ಯಾನ್ ಕೇಬಲ್ ಸಾಕು. ವೈಫೈ ಮೇಲೂ ನಡೆಯುತ್ತದೆ, ಆದರೆ ನೋಟುಗಳು ಒಮ್ಮೆ ಬೇಗ ಒಮ್ಮೆ ತಡವಾಗಿ ಬಂದು ತಬಲಾದ ವೇಗದ ಬೋಲ್‌ಗಳು ಎಡವುತ್ತವೆ. ನಾನಂತೂ ರೂಟರ್ ಕೂಡ ಬಿಟ್ಟು ಎರಡನ್ನೂ ನೇರವಾಗಿ ಜೋಡಿಸಿದ್ದೇನೆ. ಈಗಿನ ಕಂಪ್ಯೂಟರ್‌ಗಳಿಗೆ ಕ್ರಾಸ್ ಕೇಬಲ್ ಬೇಡ, ಮಾಮೂಲಿಯದೇ ಸಾಕು. ಒಂದು ನಿಮಿಷ ಕಾದರೆ 169.254ರಿಂದ ಶುರುವಾಗುವ ಐಪಿ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ವಿಳಾಸ) ತಾನಾಗಿಯೇ ಸಿಗುತ್ತದೆ.

ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್ ತೆರೆದು, ಮಿಡಿ ಸ್ಟುಡಿಯೊದಲ್ಲಿ ನೆಟ್‌ವರ್ಕ್ ಒತ್ತಿ, ಬೇರೇನೂ ಹಾಕಬೇಕಿಲ್ಲ. ವಿಂಡೋಸ್‌ಗೆ ಟೋಬಿಯಾಸ್ ಎರಿಕ್ಸೆನ್ ಅವರ ಆರ್‌ಟಿಪಿ ಮಿಡಿ ಅನ್ನುವ ಸಾಫ್ಟ್‌ವೇರ್ ಹಾಕಿ, ಜೊತೆಗೆ ನೆಟ್‌ವರ್ಕ್‌ನಲ್ಲಿ ಇನ್ನೊಂದು ಕಂಪ್ಯೂಟರನ್ನು ಹುಡುಕಿಕೊಡುವ ಆಪಲ್‌ನ ಬಾನ್‌ಜೂರ್ ಕೂಡ ಬೇಕು. ಎರಡೂ ಕಡೆ ಪ್ಲಸ್ ಒತ್ತಿ ಒಂದೊಂದು ಸೆಷನ್ ಮಾಡಿ ಎನೇಬಲ್ ಟಿಕ್ ಹಾಕಿ. ಡೈರೆಕ್ಟರಿಯಲ್ಲಿ ಇನ್ನೊಂದರ ಹೆಸರು ಕಾಣುತ್ತದೆ, ಅದನ್ನು ಆರಿಸಿ ಕನೆಕ್ಟ್ ಕೊಡಿ. ಒಂದು ಕಡೆಯಿಂದ ಕೊಟ್ಟರೆ ಸಾಕು.

ಹೆಸರೇ ಕಾಣಲಿಲ್ಲವೇ? ಹತ್ತರಲ್ಲಿ ಎಂಟು ಸಲ ಫೈರ್‌ವಾಲ್ ತಕರಾರು. ನೇರ ಕೇಬಲನ್ನು ವಿಂಡೋಸ್ ಪಬ್ಲಿಕ್ ನೆಟ್‌ವರ್ಕ್ ಅಂದುಕೊಂಡು ಬಾಗಿಲು ಹಾಕಿಬಿಡುತ್ತದೆ. ಸುಮ್ನೆ ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ, ಹೆಸರು ಕಾಣೋಕೆ ಯುಡಿಪಿ 5353, ಮಿಡಿ ಹರಿಯೋಕೆ 5004 ಮತ್ತು 5005, ಈ ಪೋರ್ಟ್‌ಗಳಿಗೆ ಮಾತ್ರ ಅನುಮತಿ ಕೊಡಿ. ಆಮೇಲೂ ಆಗದಿದ್ದರೆ ಐಪಿಯನ್ನು ಕೈಯಲ್ಲೇ ಟೈಪ್ ಮಾಡಿ ಸೇರಿಸಿ.

ಈಗ ಲ್ಯಾಪ್‌ಟಾಪಿನ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕಿನ ಮಿಡಿ ಔಟ್‌ಪುಟ್ ಆಗಿ ಆ ಸೆಷನ್ ಆರಿಸಿ, ಡೆಸ್ಕ್‌ಟಾಪಿನಲ್ಲಿ ಅದನ್ನೇ ಇನ್‌ಪುಟ್ ಮಾಡಿ. ಬಂದ ನೋಟನ್ನು ಎರಡೂ ಕಡೆ ವಾಪಸ್ ಕಳಿಸುವ ಹಾಗೆ ಇಟ್ಟರೆ ಒಂದೇ ನೋಟು ಗಾಣದೆತ್ತಿನ ಹಾಗೆ ಸುತ್ತುತ್ತಾ ಇರುತ್ತದೆ, ಪ್ರೋಗ್ರಾಂ ಹ್ಯಾಂಗ್ ಆಗುತ್ತದೆ. ಡೆಸ್ಕ್‌ಟಾಪಿನಿಂದ ಏನೂ ವಾಪಸ್ ಬೇಡ.

ಇನ್ನು ಇಡ್ಲಿ, ಅಂದರೆ ಶಬ್ದ ವಾಪಸ್ ತರುವುದು. ಡೆಸ್ಕ್‌ಟಾಪಿನ ಆಡಿಯೊ ಔಟ್‌ನಿಂದ ಲ್ಯಾಪ್‌ಟಾಪಿಗೆ ಹಾಕಿರುವ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಗೆ ವೈರ್ ಎಳೆದು ರೆಕಾರ್ಡ್ ಮಾಡಿ. ಸ್ವಲ್ಪ ಹಿಂದೆ ಬೀಳುತ್ತದೆ, ಕ್ಲಿಕ್ ಥರದ ಚುರುಕು ಶಬ್ದ ಒಂದನ್ನು ಕಳಿಸಿ ಎಷ್ಟು ತಡ ಅಂತ ನೋಡಿಕೊಂಡು ಟ್ರ್ಯಾಕನ್ನು ಅಷ್ಟೇ ಎಡಕ್ಕೆ, ಬೇಗ ಶುರುವಾಗುವ ಹಾಗೆ, ಎಳೆಯಿರಿ. ಗುಂಯ್ ಅಂತ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ತಿಂಗ್ ತೊಂದರೆ, ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.